ರೂಮಿನ ಬಾಡಿಗೆ ಒಂದು ಲೆಕ್ಕ, ಕೈಖರ್ಚು ಇನ್ನೊಂದು ಲೆಕ್ಕ

ಮಾನ್ಯ ಸಂಪಾದಕರೇ,

ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ಪತ್ರಿಕೆಗಳ ಪ್ರವಾಸ ಪುಟದಲ್ಲಿ ಚಿಕ್ಕಮಗಳೂರು, ಸಕಲೇಶಪುರ, ಕೊಡಗು, ದಾಂಡೇಲಿಯ ರೆಸಾರ್ಟ್‌ಗಳು ಸಾಲುಗಟ್ಟಿ ಬರುತ್ತವೆ. ಚಿತ್ರಗಳು ಕಣ್ಣಿಗೆ ಹಬ್ಬ. ಕೆಳಗೆ ‘ರಾತ್ರಿಗೆ ಇಷ್ಟು ಸಾವಿರದಿಂದ ಆರಂಭ’ ಎಂದಿರುತ್ತದೆ. ಆರಂಭವಾದದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ನಾಲ್ಕು ಜನರ ಕುಟುಂಬ ಎರಡು ರಾತ್ರಿಗೆ ಹೋದರೆ ರೂಮಿಗೆ ಕೊಡುವಷ್ಟೇ ಹಣ ಹೆಚ್ಚುಕಡಿಮೆ ಕೈಖರ್ಚಿಗೂ ಬೇಕು. ದುಂದು ಮಾಡುವವರ ಮಾತಲ್ಲ ಇದು, ಹಿಡಿದು ಖರ್ಚು ಮಾಡುವವರದ್ದೇ. ಲೆಕ್ಕ ಬಿಡಿಸಿ ಹೇಳುತ್ತೇನೆ.

ಮೊದಲು ಊಟದ ವಿಚಾರ. ದರದ ಪಕ್ಕದಲ್ಲಿ ಇಪಿ, ಸಿಪಿ, ಎಂಎಪಿ, ಎಪಿ ಎಂಬ ಅಕ್ಷರಗಳಿರುತ್ತವೆ. ಇಪಿ ಎಂದರೆ ಬರೀ ರೂಮು. ಸಿಪಿ ಎಂದರೆ ಬೆಳಗಿನ ತಿಂಡಿ ಸೇರಿದೆ. ಎಂಎಪಿ ಎಂದರೆ ತಿಂಡಿಯ ಜೊತೆ ಒಂದು ಊಟ, ಸಾಮಾನ್ಯವಾಗಿ ರಾತ್ರಿಯದು. ಎಪಿಯಲ್ಲಿ ಮೂರು ಹೊತ್ತೂ ಸೇರಿರುತ್ತದೆ. ಪೇಟೆಯೊಳಗಿನ ಹೋಟೆಲಾದರೆ ಸಿಪಿ ಸಾಕು, ಹೊರಗೆ ನಾಲ್ಕು ಹೆಜ್ಜೆ ಹಾಕಿದರೆ ಊಟ ಸಿಗುತ್ತದೆ. ಕಾಫಿ ತೋಟದ ನಡುವಿನ ರೆಸಾರ್ಟಿಗೆ ಸಿಪಿ ತೆಗೆದುಕೊಂಡವರೇ ಸಿಕ್ಕಿಬೀಳುವುದು. ಪೇಟೆ ಹದಿನೈದು-ಇಪ್ಪತ್ತು ಕಿ.ಮೀ. ದೂರ, ದಾರಿ ತೋಟದ ಕಚ್ಚಾ ರಸ್ತೆ. ಹಸಿದ ಮಕ್ಕಳನ್ನು ಕಟ್ಟಿಕೊಂಡು ಮಧ್ಯಾಹ್ನ ಒಂದಕ್ಕೆ ಯಾರು ಹೊರಡುತ್ತಾರೆ? ಅಲ್ಲಿನ ಮೆನುವಿನಲ್ಲಿದ್ದ ಬೆಲೆಗೇ ತಲೆಬಾಗಬೇಕು. ಸಿಪಿಗೂ ಎಂಎಪಿಗೂ ಇರುವ ವ್ಯತ್ಯಾಸವನ್ನು ತಲೆಗೆ ಹಂಚಿ ನೋಡಿ. ಅದು ಒಂದು ಸಾಧಾರಣ ಊಟದ ಬೆಲೆಗಿಂತ ಕಡಿಮೆ ಬಂದರೆ ಎಂಎಪಿಯೇ ಲಾಭ.

ಎಪಿಯಲ್ಲೂ ಹೊತ್ತುಗಳನ್ನು ಬೆರಳು ಮಡಚಿ ಎಣಿಸಬೇಕು. ಎರಡು ರಾತ್ರಿ, ಮೂರು ಹಗಲು ಎಂದರೆ ಮೂರು ಮಧ್ಯಾಹ್ನದ ಊಟ ಎಂದುಕೊಳ್ಳುವುದು ಸಹಜ. ಆದರೆ ಪ್ಯಾಕೇಜು ಸಾಮಾನ್ಯವಾಗಿ ಮೊದಲ ದಿನದ ಮಧ್ಯಾಹ್ನದ ಊಟಕ್ಕೆ ಶುರುವಾಗಿ ಕೊನೆಯ ದಿನದ ತಿಂಡಿಗೆ ಮುಗಿಯುತ್ತದೆ. ಊಟದ ಹೊತ್ತು ಮೀರಿ ತಲುಪಿದರೆ ಆ ಊಟ ಹೋಯಿತು, ಹಣ ವಾಪಸು ಬರುವುದಿಲ್ಲ. ಚೆಕ್-ಇನ್ ಮಧ್ಯಾಹ್ನ 1ಕ್ಕೋ 2ಕ್ಕೋ, ಚೆಕ್-ಔಟ್ 11ಕ್ಕೆ ಇರುವ ಕಡೆ ಕೊನೆಯ ದಿನದ ಊಟ ದಾರಿಯ ಖರ್ಚಿಗೇ ಸೇರಬೇಕು.

ಎರಡನೆಯದು ಮಕ್ಕಳ ದರ. ಜಾಹೀರಾತಿನ ದರ ಇಬ್ಬರಿಗೆ. ಐದು ವರ್ಷದೊಳಗಿನವರಿಗೆ ಬಹಳ ಕಡೆ ಉಚಿತ, ಹನ್ನೆರಡರವರೆಗೆ ಒಂದು ದರ, ಅದರಾಚೆ ದೊಡ್ಡವರ ದರ. ಗಡಿ ಎಲ್ಲಿದೆ ಎಂಬುದು ಒಂದೊಂದು ರೆಸಾರ್ಟಿನಲ್ಲಿ ಒಂದೊಂದು ಥರ, ಹಾಗಾಗಿ ಮಕ್ಕಳ ವಯಸ್ಸು ಹೇಳಿಯೇ ದರ ಕೇಳಬೇಕು. ವಯಸ್ಸು ಕಡಿಮೆ ಹೇಳಿ ಬುಕ್ ಮಾಡಿ ಚೆಕ್-ಇನ್‌ನಲ್ಲಿ ಆಧಾರ್ ತೋರಿಸುವ ಹೊತ್ತಿಗೆ ಮುಜುಗರ ಪಡುವವರಿದ್ದಾರೆ.

ಇಲ್ಲಿಯೇ ತೆರಿಗೆಯ ಒಂದು ಗುಂಡಿ ಇದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ರೂಮಿಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅದಕ್ಕಿಂತ ಮೇಲಿನದ್ದಕ್ಕೆ ಹಿಂದಿನಂತೆಯೇ ಶೇ 18. ಅಂದರೆ 7,400 ರೂ. ರೂಮು ತೆರಿಗೆ ಸೇರಿ 7,770 ಆಗುತ್ತದೆ, 7,600ರದ್ದು 8,968 ಆಗುತ್ತದೆ. ದರದಲ್ಲಿ ಇನ್ನೂರರ ವ್ಯತ್ಯಾಸ, ಬಿಲ್ಲಿನಲ್ಲಿ 1,198ರದ್ದು. ಈಗ 6,000 ರೂ. ರೂಮಿಗೆ ಹದಿಮೂರು ವರ್ಷದ ಮಗಳ ಹೆಚ್ಚುವರಿ ಹಾಸಿಗೆ 1,800, ಎಂಟು ವರ್ಷದ ಮಗನಿಗೆ 1,000 ಸೇರಿಸಿ: 8,800. ಶೇ 5 ಹಾಕುತ್ತಾರೋ ಶೇ 18 ಹಾಕುತ್ತಾರೋ? ಎರಡು ರಾತ್ರಿಯ 17,600ಕ್ಕೆ ಶೇ 5 ಆದರೆ 880 ರೂ., ಶೇ 18 ಆದರೆ 3,168. ನಡುವಿನ ಅಂತರ 2,288 ರೂ. ಆದ್ದರಿಂದ ‘ತೆರಿಗೆ ಎಷ್ಟು’ ಎಂದು ಕೇಳಿದರೆ ಸಾಲದು. ‘ಮಕ್ಕಳ ಹಣ, ತೆರಿಗೆ ಎಲ್ಲ ಸೇರಿ ಕೊನೆಗೆ ಕೊಡಬೇಕಾದ್ದೆಷ್ಟು’ ಎಂದು ಕೇಳಿ, ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ ದರ ರಿಸೆಪ್ಷನ್ನಿನವರಿಗೆ ನೆನಪಿರುವುದಿಲ್ಲ. ಮುಂಗಡವನ್ನು ಯುಪಿಐನಲ್ಲಿ ಕಳಿಸುವಾಗ ತೆರೆಯ ಮೇಲೆ ರೆಸಾರ್ಟಿನ ಹೆಸರು ಬರದೆ ಯಾರದೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ, ರೆಸಾರ್ಟಿನ ಸ್ಥಿರ ದೂರವಾಣಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ರಜೆಯ ಹೊತ್ತಿನಲ್ಲಿ ನಕಲಿ ಬುಕಿಂಗ್ ತಾಣಗಳ ಹಾವಳಿ ಜಾಸ್ತಿ.

ಊಟದ ಬಿಲ್ಲಿಗೂ ಇಂಥದ್ದೇ ತೊಡಕಿದೆ. ಸಾಮಾನ್ಯ ಹೋಟೆಲಿನ ಊಟಕ್ಕೆ ಶೇ 5. ಆದರೆ ಹಿಂದಿನ ಹಣಕಾಸು ವರ್ಷದಲ್ಲಿ ಯಾವುದಾದರೂ ಒಂದು ರೂಮನ್ನು 7,500 ರೂ. ಮೀರಿ ಬಾಡಿಗೆಗೆ ಕೊಟ್ಟಿರುವ ರೆಸಾರ್ಟಿನ ಒಳಗಿನ ರೆಸ್ಟೋರೆಂಟಿನಲ್ಲಿ ಶೇ 18. ನೀವು ಅಗ್ಗದ ರೂಮಿನಲ್ಲಿದ್ದರೂ ಅಷ್ಟೇ.

ಸರ್ವಿಸ್ ಚಾರ್ಜ್ ಬೇರೆ, ಜಿಎಸ್‌ಟಿ ಬೇರೆ. ಊಟದ ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾವಾಗಿಯೇ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಂಡರೆ ತೆಗೆಯಲು ಹೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ನೀರಿನ ಬಾಟಲಿಯ ಕಥೆ ಬೇರೆ. ಟೇಬಲ್ಲಿಗೆ ತಂದುಕೊಡುವ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಪಡೆಯಲು ಹೋಟೆಲುಗಳಿಗೆ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲೇ ಅವಕಾಶ ಕೊಟ್ಟಿದೆ, ಜಗಳವಾಡಿ ಫಲವಿಲ್ಲ. ರೂಮಿನಲ್ಲಿ ದಿನಕ್ಕೆ ಎರಡು ಬಾಟಲಿ ಉಚಿತ, ಮೂರನೆಯದಕ್ಕೆ ಹಣ ಎಂಬುದು ವಾಡಿಕೆ. ಇಪ್ಪತ್ತು ಲೀಟರಿನ ಒಂದು ಕ್ಯಾನು ಕಾರಿನ ಡಿಕ್ಕಿಯಲ್ಲಿದ್ದರೆ ನಾಲ್ಕು ಜನರ ಮೂರು ದಿನದ ನೀರಿನ ಖರ್ಚು ಅಲ್ಲಿಗೆ ಮುಗಿಯಿತು.

ಇನ್ನು ಕೈಖರ್ಚಿನ ಪಟ್ಟಿ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸ್ವಂತ ಕಾರು, ನಾಲ್ಕು ಜನ, ಎರಡು ರಾತ್ರಿ, ಎಂಎಪಿ ಎಂದಿಟ್ಟುಕೊಳ್ಳಿ. ಅಂಕಿಗಳು ಅಂದಾಜಿನವು, ನಿಮ್ಮ ಊರಿಗೆ, ನಿಮ್ಮ ಹೊಟ್ಟೆಗೆ ತಕ್ಕಂತೆ ತಿದ್ದಿಕೊಳ್ಳಿ. ಹೋಗಿ ಬರಲು ಸುಮಾರು 490 ಕಿ.ಮೀ., ಅಲ್ಲಿನ ಸುತ್ತಾಟ 110, ಒಟ್ಟು 600. ಹೆದ್ದಾರಿಯಲ್ಲಿ ಹದಿನೆಂಟು ಕೊಡುವ ಕಾರು ಘಟ್ಟದಲ್ಲಿ ಎರಡನೇ ಗೇರಿನಲ್ಲಿ ಹತ್ತುವಾಗ ಹನ್ನೆರಡಕ್ಕೆ ಇಳಿಯುತ್ತದೆ. ಸರಾಸರಿ ಹದಿನೈದು ಹಿಡಿದರೆ 40 ಲೀಟರ್, ಲೀಟರಿಗೆ 103 ರೂ.ನಂತೆ 4,120. ಟೋಲ್, ಪಾರ್ಕಿಂಗ್ 800. ದಾರಿಯ ತಿಂಡಿ 600, ಹೋಗುವಾಗಿನ ಊಟ 1,000, ಬರುವಾಗಿನ ಊಟ 1,000, ಕಾಫಿ-ಬೋಂಡ 300. ಎರಡನೇ ದಿನದ ಮಧ್ಯಾಹ್ನ ರೆಸಾರ್ಟಿನಲ್ಲೇ ಉಂಡರೆ ತಲೆಗೆ 600ರಂತೆ 2,400, ಶೇ 18 ತೆರಿಗೆ ಸೇರಿ 2,832. ಜೀಪ್ ಸವಾರಿ 2,000. ಜಿಪ್‌ಲೈನು, ಏರ್‌ಗನ್ನು ಅಂತ ಮಕ್ಕಳಿಗೆ 1,200. ಮಕ್ಕಳ ಕೈಗೆ ತಲಾ 300. ಕಾಫಿಪುಡಿ, ಏಲಕ್ಕಿ, ಜೇನು 1,500. ಟಿಪ್ಸ್ 600. ಒಟ್ಟು 16,552 ರೂ. ಇದರ ಮೇಲೆ ಶೇ 15, ಅಂದರೆ ಸುಮಾರು 2,500 ರೂ. ಮೀಸಲು ಇಡಬೇಕು. ಪಂಕ್ಚರ್, ಜ್ವರದ ಔಷಧಿ, ಮಳೆಗೆ ಕೊಡೆ ಇಂಥವಕ್ಕೆ. ಮೀಸಲು ಖರ್ಚಾಗದೆ ಉಳಿದರೆ ಮನೆಗೆ ವಾಪಸು ಬರಬೇಕು, ಕೊನೆಯ ದಿನ ಕಾಫಿಪುಡಿ ಅಂಗಡಿಯಲ್ಲಿ ಕರಗಬಾರದು.

ಟ್ಯಾಕ್ಸಿ ಮಾಡುವವರು ಇನ್ನೊಂದು ಲೆಕ್ಕ ನೋಡಬೇಕು. ಹೊರ ಊರಿನ ಬಾಡಿಗೆಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂಬ ಕರಾರು ಇರುತ್ತದೆ. 300 ಆದರೆ ಮೂರು ದಿನಕ್ಕೆ 900 ಕಿ.ಮೀ. ಹಣ ಕೊಡಬೇಕು, ಓಡಿದ್ದು 600 ಆದರೂ. ಎರಡನೇ ದಿನ ಕಾರು ರೆಸಾರ್ಟಿನ ಮರದಡಿ ನಿಂತೇ ಇರುತ್ತದೆ, ಮೀಟರು ಮಾತ್ರ ಕಾಗದದ ಮೇಲೆ ಓಡುತ್ತದೆ. ಅದರ ಮೇಲೆ ಚಾಲಕರ ಬಾಟಾ, ಟೋಲ್, ಪರ್ಮಿಟ್. ಚಾಲಕರ ಊಟ, ಮಲಗುವ ವ್ಯವಸ್ಥೆ ರೆಸಾರ್ಟಿನಲ್ಲಿದೆಯೇ ಎಂದು ಬುಕ್ ಮಾಡುವಾಗಲೇ ಕೇಳಬೇಕು. ಇಲ್ಲದಿದ್ದರೆ ಪಾಪ, ಅವರು ಕಾರಿನಲ್ಲೇ ಮಲಗಿ ಮರುದಿನ ಘಟ್ಟ ಇಳಿಸುತ್ತಾರೆ, ಅದು ಯಾರಿಗೂ ಒಳ್ಳೆಯದಲ್ಲ. ರೆಸಾರ್ಟ್ ಬಿಟ್ಟು ಹೆಚ್ಚು ತಿರುಗದವರಿಗೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹೋಗಿ, ಅಲ್ಲಿ ಒಂದು ದಿನಕ್ಕೆ ಸ್ಥಳೀಯ ಗಾಡಿ ಮಾಡಿಕೊಳ್ಳುವುದು ಎಷ್ಟೋ ಅಗ್ಗ.

ಫಾಸ್ಟ್ಯಾಗ್‌ನಲ್ಲಿ ಹಣವಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಟ್ಯಾಗ್ ಕೆಲಸ ಮಾಡದಿದ್ದರೆ, 2025ರ ನವೆಂಬರ್ 15ರಿಂದ ಯುಪಿಐನಲ್ಲಿ ಕಟ್ಟಿದರೂ ಒಂದೂಕಾಲು ಪಟ್ಟು.

ಜಾಗಗಳ ನಿಯಮ ತಿಳಿಯದಿದ್ದರೂ ಹಣ ಹೋಗುತ್ತದೆ. ಮುಳ್ಳಯ್ಯನಗಿರಿಗೆ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಮುಂಗಡ ನೋಂದಣಿ ಬೇಕು. ಊಟಿಗೆ ಇ-ಪಾಸ್ ಬೇಕು. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಒಂಬತ್ತೂ ಕಾಲಿಗೆ ಗೇಟು ತಲುಪಿದವರಿಗೆ ಗುಂಡ್ಲುಪೇಟೆಯಲ್ಲಿ ಬೇರೆ ರೂಮೇ ಗತಿ, ಅತ್ತ ಮಸಿನಗುಡಿಯಲ್ಲಿ ಕಟ್ಟಿದ ಬಾಡಿಗೆಯೂ ನೀರುಪಾಲು. ಡಿಸೆಂಬರ್ 31ರ ಬುಕಿಂಗ್ ಆದರೆ ‘ಗಾಲಾ ಡಿನ್ನರ್’ ಕಡ್ಡಾಯವೇ ಎಂದು ಕೇಳಿ. ಹಲವು ಕಡೆ ಅದು ತಲೆಗಿಷ್ಟು ಎಂದು ಬಾಡಿಗೆಯ ಮೇಲೆ ಬೀಳುತ್ತದೆ, ನೀವು ಎಂಟಕ್ಕೇ ಮಲಗಿದರೂ.

ಸಣ್ಣದೆನಿಸುವ ಇನ್ನೊಂದು ಸಂಗತಿ ಈಜುಬಟ್ಟೆ. ಹತ್ತಿಯ ಟೀಶರ್ಟ್, ಚೂಡಿದಾರ್‌ನಲ್ಲಿ ಕೊಳಕ್ಕೆ ಬಿಡುವುದಿಲ್ಲ, ಏಕೆಂದರೆ ಹತ್ತಿಯ ಎಳೆ ಬಿಟ್ಟು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಮಕ್ಕಳು ಕೊಳದ ದಂಡೆಯಲ್ಲಿ ಅಳುತ್ತಾ ನಿಂತಾಗ ಅಲ್ಲಿನ ಅಂಗಡಿಯವನು ಹೇಳಿದ್ದೇ ಬೆಲೆ. ನಾಲ್ಕು ಜನಕ್ಕೂ ನೈಲಾನ್ ಬಟ್ಟೆ, ಟೋಪಿ ಊರಿನಿಂದಲೇ ಕೊಂಡೊಯ್ಯಿರಿ. ಘಟ್ಟದ ತಿರುವಿಗೆ ವಾಂತಿ ಮಾತ್ರೆ, ಮಳೆಗಾಲವಾದರೆ ಇಂಬಳಕ್ಕೆ ಉಪ್ಪು ಕೂಡ. ಜೀಪ್ ಸವಾರಿಗೆ ದರ ಗಾಡಿಗಿಷ್ಟು ಎಂದಿರುತ್ತದೆ, ತಲೆಗಲ್ಲ. ರೆಸಾರ್ಟಿನ ಇನ್ನೊಂದು ಕುಟುಂಬದ ಜೊತೆ ಸೇರಿದರೆ ಅರ್ಧಕ್ಕೆ ಮುಗಿಯುತ್ತದೆ.

ಹಣವನ್ನು ಕೊಂಡೊಯ್ಯುವ ಬಗೆಗೂ ಎರಡು ಮಾತು. ತೋಟದ ಹಳ್ಳಿಗಳಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲವಾದರೆ ಇಲ್ಲ. ಯುಪಿಐ ನಂಬಿ ಕೂರಬಾರದು. ಐದಾರು ಸಾವಿರ ನಗದು ಇರಲಿ, ಅದರಲ್ಲಿ ಒಂದು ಸಾವಿರವಾದರೂ ಹತ್ತು, ಇಪ್ಪತ್ತು, ಐವತ್ತರ ನೋಟಿನಲ್ಲಿ. ಗ್ರಾಮ ಪಂಚಾಯಿತಿಯ ಪಾರ್ಕಿಂಗ್ ಚೀಟಿಗೆ, ಶೌಚಾಲಯಕ್ಕೆ, ಎಳನೀರಿಗೆ ಐನೂರರ ಚಿಲ್ಲರೆ ಯಾರೂ ಕೊಡುವುದಿಲ್ಲ. ನಗದನ್ನು ಮೂರು ಲಕೋಟೆಯಲ್ಲಿ ದಿನದ ಹೆಸರು ಬರೆದು ಇಡಿ, ಮೂರನೇ ದಿನದ್ದನ್ನು ಎರಡನೇ ದಿನ ಮುಟ್ಟಬೇಡಿ. ಉಳಿದ ಖರ್ಚಿನ ಹಣವನ್ನು ಮನೆಯ ಖಾತೆಯಿಂದ ಬೇರೆ ಖಾತೆಗೆ ಹಾಕಿ, ಯುಪಿಐ ಅದಕ್ಕೇ ಜೋಡಿಸಿ. ಬಾಕಿ ಎಷ್ಟಿದೆ ಎಂಬುದು ಆಗ ಕಣ್ಣೆದುರೇ ಇರುತ್ತದೆ. ಮಕ್ಕಳ ಮುನ್ನೂರನ್ನು ಹೊರಡುವ ದಿನವೇ ಅವರ ಕೈಗೆ ನೋಟಾಗಿ ಕೊಡಿ. ಐಸ್‌ಕ್ರೀಮಿಗೆ ಅಪ್ಪನ ಜೇಬು ಬೇಡುವ ಮಗು ತನ್ನ ಜೇಬಿನದಾದರೆ ಎರಡು ಸಲ ಯೋಚಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಣ ಸೋರುವುದು ‘ರೂಮಿಗೆ ಬರೆದುಕೊಳ್ಳಿ’ ಎಂಬ ಮಾತಿನಲ್ಲಿ. ಸಂಜೆ ಪಕೋಡ, ರಾತ್ರಿ ರೂಮಿಗೆ ಹಾಲು, ಬೆಳಿಗ್ಗೆ ಇಸ್ತ್ರಿ, ಎಲ್ಲಕ್ಕೂ ಸಹಿ. ಹೊರಡುವ ದಿನ ಕಾರು ಹೊರಗೆ ಕಾಯುತ್ತಿರುವಾಗ ಎರಡು ಪುಟದ ಬಿಲ್ಲು ಬರುತ್ತದೆ, ಪರಿಶೀಲಿಸಲು ಯಾರಿಗೂ ವ್ಯವಧಾನವಿಲ್ಲ. ಪಕ್ಕದ ರೂಮಿನವರ ಚಿಕನ್ ನಿಮ್ಮ ಲೆಕ್ಕಕ್ಕೆ ಸೇರಿದ್ದರೂ ತಿಳಿಯುವುದಿಲ್ಲ. ಪ್ರತಿ ರಾತ್ರಿ ಊಟ ಮುಗಿಸಿ ಬರುವಾಗ ರಿಸೆಪ್ಷನ್ನಿನಲ್ಲಿ ಅಂದಿನವರೆಗಿನ ಬಿಲ್ಲಿನ ಪ್ರತಿ ಕೇಳಿ, ಚೀಟಿಗಳ ಜೊತೆ ತಾಳೆ ನೋಡಿ. ಐದು ನಿಮಿಷದ ಕೆಲಸ. ತಪ್ಪಿದ್ದರೆ ಆವತ್ತೇ ತಿದ್ದಿಸಬಹುದು, ಬಡಿಸಿದವರೂ ಇನ್ನೂ ಪಾಳಿಯಲ್ಲಿರುತ್ತಾರೆ.

ಪತ್ರಿಕೆಗೆ ಒಂದು ಕೋರಿಕೆ. ಪ್ರವಾಸ ಪುಟದಲ್ಲಿ ರೆಸಾರ್ಟಿನ ಪರಿಚಯ ಬರೆಯುವಾಗ ಚಿತ್ರದ ಗಾತ್ರ ತುಸು ತಗ್ಗಿಸಿ ಒಂದು ಸಣ್ಣ ಚೌಕಟ್ಟು ಹಾಕಿ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿಗೆ ತೆರಿಗೆ ಸೇರಿ ಒಂದು ರಾತ್ರಿಗೆ ಒಟ್ಟು ಎಷ್ಟು, ಯಾವ ಹೊತ್ತಿನ ಊಟ ಸೇರಿದೆ, ದರದಲ್ಲಿ ಸೇರದ ಆಟಗಳು ಯಾವುವು, ಹತ್ತಿರದ ಎಟಿಎಂ ಮತ್ತು ಔಷಧಿ ಅಂಗಡಿ ಎಷ್ಟು ದೂರ. ಇಷ್ಟನ್ನು ರೆಸಾರ್ಟಿನವರಿಂದಲೇ ಬರೆಸಿಕೊಂಡು ಅಚ್ಚು ಮಾಡಬಹುದು. ಕೊಡಲು ಹಿಂಜರಿದರೆ ಆ ಜಾಗವನ್ನು ಖಾಲಿ ಬಿಟ್ಟೇ ಅಚ್ಚು ಮಾಡಿ, ಓದುಗರಿಗೆ ಅರ್ಥವಾಗುತ್ತದೆ.

ಇತಿ,
ನಿಮ್ಮ ಓದುಗ,
ಹಾಸನ