ಗೋಡೆಯ ಮೇಲೆ ಬರೆದ ಪಾಸ್‌ವರ್ಡ್

ಸಂಪಾದಕರಿಗೆ,

ಮಾನ್ಯರೇ,

ಸಣ್ಣ ಕೈಗಾರಿಕೆಗಳು ಡಿಜಿಟಲ್ ವ್ಯವಸ್ಥೆಗೆ ಹೊರಳಬೇಕೆಂಬ ಸಲಹೆಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತಿವೆ. ಆ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಹಾಗೆ ಹೊರಳುವಾಗ ಎಲ್ಲಕ್ಕಿಂತ ಮೊದಲು ಕೊಂಡು, ಚಾವಣಿಗೆ ಸಿಕ್ಕಿಸಿ, ಆಮೇಲೆ ಮರೆತೇಬಿಡುವ ಒಂದು ಸಾಧನದ ಕುರಿತು, ಅಂದರೆ ಫೋನು, ಕಂಪ್ಯೂಟರುಗಳನ್ನು ತಂತಿಯಿಲ್ಲದೆ ಜಾಲಕ್ಕೆ ಸೇರಿಸುವ ವೈಫೈ ಆಕ್ಸೆಸ್ ಪಾಯಿಂಟ್ ಕುರಿತು, ಯಾರೂ ಬಾಯಿಬಿಡುವುದನ್ನು ನಾನು ಕಂಡಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಕೆಲವು ಘಟಕಗಳಲ್ಲಿ ಕಂಪ್ಯೂಟರ್ ಜಾಲದ ನಿರ್ವಹಣೆ ನೋಡಿಕೊಳ್ಳುವುದು ನನ್ನ ವೃತ್ತಿಯಾದ್ದರಿಂದ, ಕಣ್ಣಾರೆ ಕಂಡದ್ದನ್ನು ತಮ್ಮ ಓದುಗರ ಮುಂದಿಡಬೇಕೆನಿಸಿತು.

ಒಂದು ಘಟಕದಲ್ಲಿ ಜಾಲ ತೀರಾ ನಿಧಾನವಾಗಿದೆ ಎಂಬ ದೂರು ಬಂದು ನಾನು ಹೋದೆ. ಆಕ್ಸೆಸ್ ಪಾಯಿಂಟಿಗೆ ಸೇರಿಕೊಂಡಿದ್ದ ಸಾಧನಗಳ ಪಟ್ಟಿ ತೆಗೆದು ಮಾಲೀಕರ ಎದುರೇ ಕೂತು ಒಂದೊಂದನ್ನಾಗಿ ಗುರುತಿಸುತ್ತ ಬಂದಾಗ, ಅದರಲ್ಲೊಂದು ಮೊಬೈಲು ಎಂಟು ತಿಂಗಳ ಹಿಂದೆಯೇ ಕೆಲಸ ಬಿಟ್ಟಿದ್ದ ಸೂಪರ್‌ವೈಸರನದು ಎಂದು ತಿಳಿಯಿತು. ಆತ ಸೇರಿಕೊಂಡದ್ದು ಕಾಂಪೌಂಡ್ ಗೋಡೆಯ ಆಚೆಗಿನ ಘಟಕಕ್ಕೆ. ಅಲ್ಲಿಯೂ ಇದೇ ಬಗೆಯ ಜಾಬ್ ವರ್ಕ್, ಕೆಲವೊಮ್ಮೆ ಇದೇ ಗ್ರಾಹಕರು. ಆತ ಬೇಕೆಂದು ಏನೂ ಮಾಡಿರಲಿಲ್ಲ ಎಂಬುದನ್ನು ಹೇಳಲೇಬೇಕು. ಅವನ ಫೋನು ಹಳೆಯ ಪಾಸ್‌ವರ್ಡನ್ನು ನೆನಪಿಟ್ಟುಕೊಂಡು ದಿನವೂ ಬೆಳಿಗ್ಗೆ ತಾನೇ ತಾನಾಗಿ ಬಂದು ಸೇರಿಕೊಳ್ಳುತ್ತಿತ್ತು, ಅಷ್ಟೆ. ಆದರೆ ಗ್ರಾಹಕರ ಡ್ರಾಯಿಂಗ್‌ಗಳೂ ಘಟಕದ ಕೊಟೇಶನ್‌ಗಳೂ ಇದ್ದ ಫೋಲ್ಡರ್ ಅದೇ ಜಾಲದಲ್ಲಿ ಯಾವ ತಡೆಯೂ ಇಲ್ಲದೆ ತೆರೆದುಕೊಂಡಿತ್ತು. ಪಾಸ್‌ವರ್ಡ್ ಬದಲಿಸೋಣವೆಂದರೆ ಮಾಲೀಕರು ಹಿಂದೆಮುಂದೆ ನೋಡಿದರು. ಅದನ್ನು ಬದಲಿಸಿದರೆ ಸ್ಟೋರ್ಸ್‌ನ ಸ್ಕ್ಯಾನರು, ಹಾಜರಾತಿ ಯಂತ್ರ, ಪ್ರಿಂಟರು, ಕ್ಯಾಮೆರಾ ಎಲ್ಲಕ್ಕೂ ಹೊಸದನ್ನು ಕೊಡುತ್ತ ಕೂರಬೇಕು, ಅರ್ಧ ದಿನದ ಕೆಲಸ ಹಾಳು. ಆ ಪಾಸ್‌ವರ್ಡೋ, ಹಾಜರಾತಿ ಯಂತ್ರದ ಪಕ್ಕದ ಗೋಡೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ದಪ್ಪ ಅಕ್ಷರಗಳಲ್ಲಿ ರಾರಾಜಿಸುತ್ತಿತ್ತು.

ಇದು ಕೆಲಸಗಾರರ ಬೇಜವಾಬ್ದಾರಿಯೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನ್ನ ದೃಷ್ಟಿಯಲ್ಲಿ ತಪ್ಪು ನಡೆದದ್ದು ಖರೀದಿಯ ದಿನವೇ. ಡೀಲರ್ ಕೊಟ್ಟ ಕೊಟೇಶನ್ನಿನಲ್ಲಿ ಗರಿಷ್ಠ ವೇಗವೆಷ್ಟು, ಎಷ್ಟು ಚದರ ಅಡಿಗೆ ಸಿಗ್ನಲ್ ಸಿಗುತ್ತದೆ, ಆಂಟೆನಾಗಳೆಷ್ಟು ಎಂಬುದೆಲ್ಲ ಇತ್ತು. ಒಬ್ಬ ವ್ಯಕ್ತಿಯನ್ನು ಈ ಜಾಲದೊಳಕ್ಕೆ ಬಿಡುವುದು ಹೇಗೆ, ಅವನೊಬ್ಬನನ್ನು ಮಾತ್ರ ಹೊರಗಿಡುವುದು ಹೇಗೆ ಎಂಬ ಒಂದು ಸಾಲೂ ಇರಲಿಲ್ಲ. ಮಾಲೀಕರೂ ಕೇಳಿರಲಿಲ್ಲ. ಆಕ್ಸೆಸ್ ಪಾಯಿಂಟನ್ನು ನಾವು ಟ್ಯೂಬ್‌ಲೈಟ್ ಕೊಂಡಂತೆ ಕೊಳ್ಳುತ್ತೇವೆ. ಎಷ್ಟು ದೂರ ಬೆಳಕು ಬೀಳುತ್ತದೆ ಎಂಬುದಷ್ಟನ್ನೇ ನೋಡುತ್ತೇವೆ. ಅದನ್ನು ಕೊಳ್ಳಬೇಕಾದದ್ದು ಬೀಗ ಕೊಂಡಂತೆ.

ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುವ ಪದ್ಧತಿಯ ದೋಷ ಕೆಲಸ ಬಿಟ್ಟವರ ವಿಷಯಕ್ಕೆ ಮಾತ್ರ ಸೀಮಿತವಲ್ಲ. 2004ರಲ್ಲಿ ಬಂದು ಇಂದಿಗೂ ಬಹುತೇಕ ಕಡೆ ಬಳಕೆಯಲ್ಲಿರುವ ಡಬ್ಲ್ಯುಪಿಎ2 ಭದ್ರತಾ ವಿಧಾನದಲ್ಲಿ, ಒಂದು ಫೋನು ಜಾಲಕ್ಕೆ ಸೇರುವ ಕ್ಷಣದ ಸಂದೇಶಗಳನ್ನು ಹೊರಗೆ ರಸ್ತೆಯಲ್ಲಿ ನಿಂತವರು ಹಿಡಿದಿಟ್ಟುಕೊಂಡರೆ, ಮನೆಗೆ ಹೋಗಿ ನಿಧಾನವಾಗಿ ಲಕ್ಷಾಂತರ ಪದಗಳನ್ನು ಹಾಕಿ ನೋಡಿ ಪಾಸ್‌ವರ್ಡ್ ಊಹಿಸಬಹುದು. ಕಂಪನಿಯ ಹೆಸರಿನ ಮುಂದೆ 123 ಸೇರಿಸಿಟ್ಟ ಪಾಸ್‌ವರ್ಡ್ ಇಂಥ ಊಹೆಗೆ ಎಷ್ಟು ಹೊತ್ತು ತಡೆದೀತು? ಪಾಸ್‌ವರ್ಡ್ ಗೊತ್ತಿರುವವರಿಗಂತೂ ಅದೇ ಸಂದೇಶಗಳ ನೆರವಿನಿಂದ ಅದೇ ಜಾಲದಲ್ಲಿರುವ ಇತರರ ವೈಫೈ ಸಂವಹನವನ್ನೂ ಬಿಡಿಸಿಕೊಳ್ಳಲು ಸಾಧ್ಯ. 2018ರಲ್ಲಿ ಬಂದ ಡಬ್ಲ್ಯುಪಿಎ3 ಈ ಎರಡೂ ದಾರಿಗಳನ್ನು ಮುಚ್ಚುವ ಉದ್ದೇಶದಿಂದಲೇ ರೂಪುಗೊಂಡದ್ದು. ಜೊತೆಗೆ, ಹೊರಗಿನವರು ಸುಳ್ಳು ಸಂದೇಶ ಕಳಿಸಿ ಸಾಧನಗಳನ್ನು ಜಾಲದಿಂದ ಕಿತ್ತೊಗೆಯುವ ಕಿಡಿಗೇಡಿತನಕ್ಕೂ ಅದರಲ್ಲಿ ಕಡ್ಡಾಯ ತಡೆಯಿದೆ. ಸ್ಕ್ಯಾನರುಗಳನ್ನು ನಂಬಿ ಲಾರಿಗೆ ಸರಕು ತುಂಬುವ ಕಡೆ ಈ ತಡೆಯ ಬೆಲೆ ಏನೆಂದು ಹೇಳಬೇಕಾಗಿಲ್ಲ. 2020ರ ಜುಲೈಯಿಂದ ವೈಫೈ ಸಾಧನಗಳನ್ನು ಪ್ರಮಾಣೀಕರಿಸುವ ವೈಫೈ ಅಲಯನ್ಸ್ ಸಂಸ್ಥೆಯ ಹೊಸ ಪ್ರಮಾಣಪತ್ರಕ್ಕೆ ಡಬ್ಲ್ಯುಪಿಎ3 ಕಡ್ಡಾಯವಾಗಿದೆ. ಯಾವ ಮಾದರಿಗೆ ಪ್ರಮಾಣಪತ್ರ ಸಿಕ್ಕಿದೆ ಎಂಬುದನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಡೀಲರ್ ಮಾತಿಗಿಂತ ಅದನ್ನು ನಂಬುವುದು ಒಳ್ಳೆಯದು.

ಹಳೆಯ ವಿಧಾನಕ್ಕೆ ಅಂಟಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟಿಜೆಎಕ್ಸ್ ಎಂಬ ಚಿಲ್ಲರೆ ಮಾರಾಟ ಸಂಸ್ಥೆಯ ಪ್ರಕರಣವಿದೆ. ವೆಪ್ ಎಂಬ, ವೈಫೈಯ ಮೊದಲ ತಲೆಮಾರಿನ ಗೂಢಲಿಪಿ ವಿಧಾನ ಮುರಿದುಬಿದ್ದಿದೆ ಎಂದು 2001ರಲ್ಲೇ ಸಂಶೋಧಕರು ತೋರಿಸಿಕೊಟ್ಟಿದ್ದರು. ಅದನ್ನು ಬದಲಿಸುವುದರಲ್ಲಿ ಆ ಸಂಸ್ಥೆ ತಡಮಾಡಿತು. 2007ರಲ್ಲಿ ಸಂಗತಿ ಬಯಲಾದಾಗ ಕನಿಷ್ಠ 4.57 ಕೋಟಿ ಪಾವತಿ ಕಾರ್ಡುಗಳ ವಿವರ ಕಳ್ಳರ ಪಾಲಾಗಿತ್ತು.

ಈಗ ಒಬ್ಬೊಬ್ಬರಿಗೂ ಬೇರೆ ಬೇರೆ ಕೀಲಿ ಕೊಡುವ ಮಾತಿಗೆ ಬರುತ್ತೇನೆ. ಇದಕ್ಕೆ 802.1ಎಕ್ಸ್ ಎಂಬ ಪದ್ಧತಿ ಇದೆ; ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಡಬ್ಲ್ಯುಪಿಎ ಎಂಟರ್‌ಪ್ರೈಸ್ ಎಂದು ನಮೂದಾಗಿರುತ್ತದೆ. ಪ್ರತಿ ಕೆಲಸಗಾರನಿಗೂ ಅವನದೇ ಹೆಸರು ಮತ್ತು ಗುಪ್ತಪದ, ಇಲ್ಲವೇ ಅವನ ಸಾಧನಕ್ಕೊಂದು ಡಿಜಿಟಲ್ ಪ್ರಮಾಣಪತ್ರ. ಕೆಲಸ ಬಿಟ್ಟ ದಿನ ಅವನ ಖಾತೆಯೊಂದನ್ನು ಮುಚ್ಚಿದರೆ ಸಾಕು, ಉಳಿದ ಯಾರಿಗೂ ತೊಂದರೆಯಿಲ್ಲ. ಇದಕ್ಕೆ ಯಾರನ್ನು ಒಳಗೆ ಬಿಡಬೇಕೆಂದು ಖಾತೆ ನೋಡಿ ತೀರ್ಮಾನಿಸುವ ರೇಡಿಯಸ್ ಸರ್ವರ್ ಬೇಕು ಎಂದೊಡನೆ ಮಾಲೀಕರ ಮುಖ ಬಾಡುತ್ತದೆ, ಏನೋ ಲಕ್ಷಗಟ್ಟಲೆ ಬಾಬತ್ತು ಎಂದು. ವಾಸ್ತವದಲ್ಲಿ ಫ್ರೀರೇಡಿಯಸ್ ಎಂಬ ಉಚಿತ ತಂತ್ರಾಂಶವಿದೆ. ಮೂಲೆ ಸೇರಿದ ಹಳೆಯ ಕಂಪ್ಯೂಟರಿನಲ್ಲಿಯೂ ಅದು ಐವತ್ತು ಜನರ ಘಟಕವನ್ನು ಸಲೀಸಾಗಿ ನಿಭಾಯಿಸುತ್ತದೆ. ಆದರೆ ಒಂದು ಎಚ್ಚರ ಬೇಕು. ಫೋನು ಅಥವಾ ಲ್ಯಾಪ್‌ಟಾಪು ಎದುರಿರುವ ಸರ್ವರ್ ನಿಜವಾಗಿಯೂ ತಮ್ಮದೇ ಎಂದು ಪ್ರಮಾಣಪತ್ರ ನೋಡಿ ಖಚಿತಪಡಿಸಿಕೊಳ್ಳುವಂತೆ ಹೊಂದಿಸದಿದ್ದರೆ, ಅದೇ ಹೆಸರಿನ ನಕಲಿ ಆಕ್ಸೆಸ್ ಪಾಯಿಂಟ್ ಇಟ್ಟವನಿಗೆ ನಾವೇ ಗುಪ್ತಪದ ಒಪ್ಪಿಸಿದಂತಾಗುತ್ತದೆ. ಅಳವಡಿಸುವವರು ಬೇಗ ಮುಗಿಸಿ ಹೊರಡುವ ಆತುರದಲ್ಲಿ ಬಿಟ್ಟುಬಿಡುವುದು ಈ ಹೆಜ್ಜೆಯನ್ನೇ.

ಹಾಜರಾತಿ ಯಂತ್ರ, ಹಳೆಯ ಸ್ಕ್ಯಾನರುಗಳಂಥ ಸಾಧನಗಳಿಗೆ ಈ ಪದ್ಧತಿ ಅರ್ಥವಾಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಂಥವಕ್ಕೆ ಸಾಧನಕ್ಕೊಂದರಂತೆ ಪ್ರತ್ಯೇಕ ಪಾಸ್‌ವರ್ಡ್ ಕೊಡುವ ಸೌಲಭ್ಯ ಅನೇಕ ತಯಾರಕರ ಆಕ್ಸೆಸ್ ಪಾಯಿಂಟ್‌ಗಳಲ್ಲಿ ಇದೆ. ಅದಿಲ್ಲದಿದ್ದರೂ ಅವುಗಳನ್ನು ಕಚೇರಿಯ ಜಾಲದಿಂದ ಬೇರೆಯೇ ಆದ, ಅದೇ ಉಪಕರಣಗಳ ಮೇಲೆ ಪ್ರತ್ಯೇಕವಾಗಿ ನಡೆಯುವ ಒಂದು ಉಪಜಾಲದಲ್ಲಿ, ಅಂದರೆ ವಿಲ್ಯಾನ್‌ನಲ್ಲಿ ಇಡಬಹುದು. ಕಂಪ್ಯೂಟರಿನ ಆದೇಶದಂತೆ ನಡೆಯುವ ಸಿಎನ್‌ಸಿ ಯಂತ್ರಗಳ ವಿಷಯದಲ್ಲಂತೂ ಈ ಬೇರ್ಪಡಿಕೆ ಅನಿವಾರ್ಯ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಬೆಂಬಲ ನಿಲ್ಲಿಸಿದೆ. ಆದರೂ ಅವುಗಳಲ್ಲೇ ನಡೆಯುವ ಯಂತ್ರಗಳು ನಮ್ಮ ಶಾಪ್ ಫ್ಲೋರ್‌ಗಳಲ್ಲಿ ಇಂದಿಗೂ ಮೂರು ಪಾಳಿ ದುಡಿಯುತ್ತಿವೆ. ಯಂತ್ರ ಗಟ್ಟಿಮುಟ್ಟಾಗಿರುವಾಗ ಕಂಪ್ಯೂಟರ್ ಹಳೆಯದೆಂದು ಅದನ್ನು ಎಸೆಯಲಾಗದು, ಸರಿ. ಆದರೆ ಅದನ್ನು ಬಂದುಹೋಗುವ ಅತಿಥಿಗಳ ಫೋನಿನ ಜೊತೆಗೇ ಕೂರಿಸಬೇಕೇಕೆ?

ನಮ್ಮ ಡ್ರಾಯಿಂಗ್ ಕದಿಯಲು ಯಾರು ಅಷ್ಟು ದೂರದಿಂದ ಬರುತ್ತಾರೆ ಎಂದು ಕೇಳುವವರಿಗಾಗಿ ಇನ್ನೊಂದು ಪ್ರಕರಣ. 2022ರ ಫೆಬ್ರವರಿಯಲ್ಲಿ ಅಮೆರಿಕದ ವಾಷಿಂಗ್ಟನ್ನಿನ ಒಂದು ಸಂಸ್ಥೆಯ ಜಾಲಕ್ಕೆ ರಷ್ಯಾ ಮೂಲದ ದಾಳಿಕೋರರು ನುಗ್ಗಿದ್ದನ್ನು ವೊಲೆಕ್ಸಿಟಿ ಎಂಬ ಭದ್ರತಾ ಕಂಪನಿ ಪತ್ತೆ ಹಚ್ಚಿ, 2024ರ ನವೆಂಬರ್‌ನಲ್ಲಿ ವಿವರವಾಗಿ ಪ್ರಕಟಿಸಿತು. ಆ ಸಂಸ್ಥೆಯ ಇಂಟರ್‌ನೆಟ್ ಸೇವೆಗಳಿಗೆ ಎರಡು ಹಂತದ ದೃಢೀಕರಣವಿತ್ತು. ವೈಫೈಗೆ ಮಾತ್ರ ಇರಲಿಲ್ಲ. ದಾಳಿಕೋರರು ಸಾವಿರಾರು ಮೈಲಿ ದೂರದಲ್ಲೇ ಕೂತು, ಎದುರುಬದಿಯ ಇನ್ನೊಂದು ಕಟ್ಟಡದ ಸಂಸ್ಥೆಯ ಜಾಲವನ್ನು ಮೊದಲು ಭೇದಿಸಿ, ಅಲ್ಲಿನ ಒಂದು ಕಂಪ್ಯೂಟರಿನ ವೈಫೈ ಮೂಲಕ ಈ ಕಡೆಯ ಜಾಲಕ್ಕೆ ದಾಟಿಕೊಂಡರು. ಗೋಡೆಗೆ ಗೋಡೆ ತಾಗಿಸಿ ಶೆಡ್ ಕಟ್ಟಿಕೊಂಡಿರುವ ಪೀಣ್ಯದ ಅಡ್ಡರಸ್ತೆಗಳಲ್ಲಿ ನಿಂತು ಇದನ್ನು ಯೋಚಿಸಿದರೆ ನನಗಂತೂ ಕಳವಳವಾಗುತ್ತದೆ. ಪಕ್ಕದವರ ಬೀಗ ಸಡಿಲವಾಗಿದ್ದರೆ ಅದು ಅವರೊಬ್ಬರ ಪಾಡಲ್ಲ.

ಭದ್ರತೆಯ ಜೊತೆಗೆ ಜಾಗದ ಗುಣವನ್ನೂ ನೋಡಬೇಕು. ತಗಡಿನ ಚಾವಣಿ, ಕಬ್ಬಿಣದ ಕಂಬಗಳು, ಸಾಲು ಸಾಲು ಯಂತ್ರಗಳು ಇರುವ ಶೆಡ್ಡಿನಲ್ಲಿ ರೇಡಿಯೊ ಅಲೆಗಳು ಲೋಹಕ್ಕೆ ಬಡಿದು ದಿಕ್ಕಾಪಾಲಾಗುತ್ತವೆ. ತಲೆಯ ಮೇಲೆ ಕ್ರೇನ್ ಹೊರೆ ಹೊತ್ತು ಸಾಗಿದಾಗ, ಈಗ ಇದ್ದ ಸಿಗ್ನಲ್ ಮರುಕ್ಷಣಕ್ಕೆ ಇರುವುದಿಲ್ಲ. ಮಾಲೀಕರ ಗಾಜಿನ ಕೋಣೆಯಲ್ಲಿಟ್ಟ ಒಂದು ಆಕ್ಸೆಸ್ ಪಾಯಿಂಟ್ ಇಡೀ ಶೆಡ್ಡಿಗೆ ಸಾಲದು ಎಂದು ಅದರ ಶಕ್ತಿ ಹೆಚ್ಚಿಸಿದರೆ, ಸಿಗ್ನಲ್ ರಸ್ತೆಯವರೆಗೆ ಹರಿಯುತ್ತದೆಯೇ ಹೊರತು ಮೂಲೆಯ ಸ್ಕ್ಯಾನರಿನ ದುರ್ಬಲ ಉತ್ತರ ಹಿಂದಿರುಗಿ ಬರುವುದಿಲ್ಲ. ಕಡಿಮೆ ಶಕ್ತಿಯ ಮೂರು ನಾಲ್ಕನ್ನು ಸರಿಯಾದ ಕಡೆ ಹಾಕುವುದೇ ಮೇಲು. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ಅಡ್ಡಬರದ ಚಾನೆಲ್‌ಗಳು ಮೂರೇ ಇರುವುದರಿಂದ, ಸಾಧ್ಯವಿದ್ದ ಸಾಧನಗಳನ್ನೆಲ್ಲ 5 ಗಿಗಾಹರ್ಟ್ಸ್‌ಗೆ ಸರಿಸುವುದು ಜಾಣತನ. ಎಣ್ಣೆಯ ಮಂಜು, ಗ್ರೈಂಡಿಂಗ್ ದೂಳು ಇರುವ ಕಡೆ ದೂಳೂ ನೀರೂ ಒಳನುಗ್ಗದ ಐಪಿ67 ದರ್ಜೆಯ ಹೊರಕವಚ ಬೇಕು. ವಿದ್ಯುತ್ತನ್ನು ಜಾಲದ ಕೇಬಲ್‌ನಲ್ಲೇ ಕೊಟ್ಟು ಸ್ವಿಚ್ಚಿಗೆ ಯುಪಿಎಸ್ ಜೋಡಿಸಿದರೆ, ಕರೆಂಟು ಹೋದಾಗ ಎಲ್ಲವೂ ಒಟ್ಟಿಗೆ ಬೀಳುವುದು ತಪ್ಪುತ್ತದೆ.

ಇಷ್ಟೆಲ್ಲ ನೋಡಿ ಕೊಂಡ ಮೇಲೂ ಉಳಿಯುವ ದೊಡ್ಡ ಪ್ರಶ್ನೆ ತಂತ್ರಾಂಶ ಪರಿಷ್ಕರಣೆಯದು. ಹೆಸರುವಾಸಿ ಕಂಪನಿಯದಾದರೆ ಚಿಂತೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 2024ರ ನವೆಂಬರ್‌ನಲ್ಲಿ ಸಿಸ್ಕೊ ಕಂಪನಿಯ, ಅದೂ ಕಾರ್ಖಾನೆಗಳಿಗೆಂದೇ ತಯಾರಾದ, ಕೆಲವು ಆಕ್ಸೆಸ್ ಪಾಯಿಂಟ್‌ಗಳಲ್ಲಿ ಹತ್ತಕ್ಕೆ ಹತ್ತು ಅಂಕದ ತೀವ್ರತೆಯ ದೋಷ ಪ್ರಕಟವಾಯಿತು. 2025ರ ಜುಲೈಯಲ್ಲಿ ಅರೂಬಾ ಇನ್‌ಸ್ಟಂಟ್ ಆನ್ ಎಂಬ ಆಕ್ಸೆಸ್ ಪಾಯಿಂಟ್‌ಗಳ ತಂತ್ರಾಂಶದೊಳಗೇ ಒಂದು ಗುಪ್ತಪದ ಹುದುಗಿರುವುದು ಬೆಳಕಿಗೆ ಬಂತು. ಎರಡೂ ಕಂಪನಿಗಳು ತಾವೇ ದೋಷ ಪ್ರಕಟಿಸಿ, ಪರಿಹಾರವನ್ನೂ ಕೊಟ್ಟವು ಎಂಬುದು ಇಲ್ಲಿ ಮುಖ್ಯ. ದೋಷವೇ ಇಲ್ಲದ ಸಾಧನ ಎಲ್ಲೂ ಸಿಗದು. ದೋಷ ಕಂಡಾಗ ಒಪ್ಪಿಕೊಂಡು ತಿದ್ದಿಕೊಡುವ ತಯಾರಕ ಸಿಕ್ಕರೆ ಅದೇ ಪುಣ್ಯ. ಆದ್ದರಿಂದ ಯಾವ ವರ್ಷದವರೆಗೆ ಭದ್ರತಾ ಪರಿಷ್ಕರಣೆ ಸಿಗುತ್ತದೆ ಎಂಬುದನ್ನು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಬೇಕು. ಅದನ್ನು ಹಾಕುವ ಹೊಣೆ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ (ಎಎಂಸಿ) ಸೇರಿದೆಯೇ, ವಾರ್ಷಿಕ ಲೈಸೆನ್ಸ್ ಮುಗಿದರೆ ಸಾಧನ ಏನಾಗುತ್ತದೆ ಎಂಬುದನ್ನೂ ಕೇಳಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಮನೆಬಳಕೆಯ ರೌಟರನ್ನು ಕಾರ್ಖಾನೆಗೆ ತರುವ ಬಂಧುಗಳಿಗೆ ಈ ಪ್ರಶ್ನೆ ಕೇಳಿದರೆ ಉತ್ತರವೇ ಇರುವುದಿಲ್ಲ.

ಕಾನೂನಿನ ಬಾಧ್ಯತೆಯೂ ಇದೆ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ನಿಗದಿತ ಬಗೆಯ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ವ್ಯವಸ್ಥೆಯ ಲಾಗ್‌ಗಳನ್ನು, ಅಂದರೆ ಯಾವಾಗ ಏನು ನಡೆಯಿತೆಂಬ ದಾಖಲೆಗಳನ್ನು, 180 ದಿನ ಕಾದಿಡಬೇಕು. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಕೊಟ್ಟಿದ್ದ ಹೆಚ್ಚುವರಿ ಕಾಲಾವಕಾಶ ಅದೇ ವರ್ಷದ ಸೆಪ್ಟೆಂಬರ್ 25ಕ್ಕೆ ಮುಗಿದಿದೆ. ಎಷ್ಟೋ ಅಗ್ಗದ ಆಕ್ಸೆಸ್ ಪಾಯಿಂಟ್‌ಗಳಲ್ಲಿ ಒಮ್ಮೆ ಕರೆಂಟು ಹೋದರೆ ಲಾಗ್ ಅಳಿದುಹೋಗುತ್ತದೆ. ಲಾಗನ್ನು ಬೇರೊಂದು ಕಂಪ್ಯೂಟರಿಗೆ ಕಳಿಸುವ ಸೌಲಭ್ಯವಿಲ್ಲದ ಸಾಧನವನ್ನು ಕೊಳ್ಳುವುದೆಂದರೆ, ಪಾಲಿಸಲಾಗದ ನಿಯಮವನ್ನು ನಾವೇ ಕಟ್ಟಿಕೊಂಡಂತೆ.

ಕೇಂದ್ರ ದೂರಸಂಪರ್ಕ ಇಲಾಖೆಯ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. ವೈಫೈ ಉಪಕರಣಗಳಿಗೆ ಇರಬೇಕಾದ ಭದ್ರತಾ ಗುಣಗಳನ್ನು ವಿವರಿಸುವ ದಸ್ತಾವೇಜುಗಳನ್ನು ಅದು ಸಿದ್ಧಪಡಿಸಿದೆ. ಆದರೆ ಅವು ತಯಾರಕರಿಗೂ ಪ್ರಯೋಗಾಲಯಗಳಿಗೂ ಬರೆದವು. ಹದಿನೈದು ಜನರ ಘಟಕ ನಡೆಸುವವರು ಓದಿ ದಕ್ಕಿಸಿಕೊಳ್ಳುವಂಥವಲ್ಲ. ಆ ಕೇಂದ್ರದ ನೆರವು ಪಡೆದು ಪೀಣ್ಯ ಕೈಗಾರಿಕಾ ಸಂಘವೂ ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ ಸಂಸ್ಥೆಯೂ ಸೇರಿ, ಆಕ್ಸೆಸ್ ಪಾಯಿಂಟ್ ಕೊಳ್ಳುವವರು ಡೀಲರ್ ಮುಂದಿಡಬಹುದಾದ ಒಂದು ಪುಟದ ಖರೀದಿ ನಮೂನೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ. ರೇಡಿಯಸ್ ಸರ್ವರ್ ನಡೆಸುವ ತಿಳಿವಳಿಕೆ ಇರುವ ಒಬ್ಬಿಬ್ಬರನ್ನು ಹತ್ತಾರು ಘಟಕಗಳು ಸೇರಿ ನೇಮಿಸಿಕೊಂಡರೆ ಖರ್ಚೂ ಹಂಚಿಹೋಗುತ್ತದೆ. ಅಂಥ ನಮೂನೆಯ ಮೊದಲ ಕರಡನ್ನು ಬರೆದುಕೊಡಲು, ಒಂದು ಭಾನುವಾರ ಸದಸ್ಯರಿಗೆ ಅದನ್ನು ವಿವರಿಸಲು ನಾನು ಸಿದ್ಧನಿದ್ದೇನೆ.

ನಾನು ಕೆಲಸ ಮಾಡುವ ಘಟಕಗಳ ಗುರುತು ಸಿಗಬಾರದೆಂಬ ಕಾರಣಕ್ಕೆ ನನ್ನ ಹೆಸರನ್ನು ಪ್ರಕಟಿಸಬಾರದಾಗಿ ವಿನಂತಿ.

ಇಂತು ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಓದುಗ, ಬೆಂಗಳೂರು