ಒಂದು ತೊಲೆ, ಆರು ಗಿಟಾರ್: ಬೀಟೆ ಮರ ಸಣ್ಣವರಿಗೂ ಸಿಗಲಿ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಬೀಟೆ ಮರ ಮುಗಿಯುತ್ತಾ ಬಂದಿದೆ, ಅಂಥದ್ದರಲ್ಲಿ ಶೋಕಿಗಾಗಿ ಅದರಿಂದ ಗಿಟಾರ್ ಮಾಡುವುದು ಯಾಕೆ, ಪೂರ್ತಿ ಬಂದ್ ಮಾಡಿಸಿ ಅಂತ. ಅವರ ಕಾಳಜಿ ಒಪ್ಪುವಂಥದ್ದೇ. ಲೆಕ್ಕ ಮಾತ್ರ ತಪ್ಪಿದೆ. ನಾನು ಕಲಬುರಗಿಯಲ್ಲಿ ಬಾಗಿಲು, ಕಿಟಕಿ, ಮಂಚ ಮಾಡಿ ಹೊಟ್ಟೆ ಹೊರೆಯುವವನು. ಸಂಜೆ ಹೊತ್ತು ನಾವು ಆರು ಜನ ಸೇರಿ ಕೈಯಿಂದಲೇ ಗಿಟಾರ್ ಕಟ್ಟುತ್ತೇವೆ. ಹಾಗಾಗಿ ಎರಡೂ ಕಡೆಯ ಲೆಕ್ಕ ನನಗೆ ಗೊತ್ತು.

ಮೊದಲು ಅದನ್ನೇ ಹೇಳಿಬಿಡುತ್ತೇನೆ. ಗಿಟಾರಿನ ಬೆನ್ನಿಗೆ ಎರಡು ಹಲಗೆ, ಪಕ್ಕಕ್ಕೆ ಎರಡು ಪಟ್ಟಿ, ಇದಕ್ಕೆ ಒಂದು ಸೆಟ್ ಅನ್ನುತ್ತೇವೆ. ಬೆನ್ನಿನ ಹಲಗೆ ಸುಮಾರು 55 ಸೆಂಟಿಮೀಟರ್ ಉದ್ದ, 20-22 ಸೆಂಟಿಮೀಟರ್ ಅಗಲ, ದಪ್ಪ ಬರೀ 4 ಮಿಲಿಮೀಟರ್. ಅದನ್ನೂ ರಂದಾ ಹೊಡೆದು ಎರಡೂವರೆಗೆ ಇಳಿಸುತ್ತೇವೆ. ಪಕ್ಕದ ಪಟ್ಟಿ ಇನ್ನೂ ತೆಳು. ಎಲ್ಲಾ ಸೇರಿಸಿ ತೂಗಿದರೆ ಎರಡು ಕೆಜಿ ಕೂಡ ಬರುವುದಿಲ್ಲ. ಒಂದು ಘನ ಅಡಿ ಒಳ್ಳೇ ಮರ ಇದ್ದರೆ, ಗರಗಸದ ಹೊಟ್ಟು, ಗಂಟು, ಬಿರುಕು ಎಲ್ಲ ಕಳೆದರೂ ಸುಮಾರು ಎಂಟು ಸೆಟ್ ಬರುತ್ತದೆ. ಈಗ ಬಾಗಿಲಿನ ಲೆಕ್ಕ ಕೇಳಿ. ಮನೆಯ ಮುಂಬಾಗಿಲಿನ ಚೌಕಟ್ಟು ಒಂದಕ್ಕೇ ಒಂದೂವರೆ ಎರಡು ಘನ ಅಡಿ ಮರ ತಿನ್ನುತ್ತದೆ, ಕದ ಬೇರೆ. ಅಂದರೆ ಒಬ್ಬರ ಗೃಹಪ್ರವೇಶದ ಚೌಕಟ್ಟಿನಲ್ಲಿ ಹನ್ನೆರಡು ಗಿಟಾರ್ ಅಡಗಿರುತ್ತವೆ. ಬೀಟೆ ಮರದ ಡೈನಿಂಗ್ ಟೇಬಲ್, ಸೋಫಾ ನೋಡಿ ‘ವಾಹ್’ ಅನ್ನುವವರು ಗಿಟಾರ್ ನೋಡಿ ಕಾಡು ಹಾಳಾಯಿತು ಅಂದರೆ ನಮಗೆ ಬೇಜಾರಾಗುತ್ತದೆ, ಅಲ್ವಾ?

ಹಾಗಂತ ಮರ ಬೇಕಾದಷ್ಟು ಇದೆ ಅಂತ ನಾನು ಹೇಳುತ್ತಿಲ್ಲ. ಬೀಟೆ ನಿಧಾನಕ್ಕೆ ಬೆಳೆಯುವ ಮರ, ಅಪಾಯದಲ್ಲಿರುವ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲೂ ಇದೆ. ಇದರ ಅಣ್ಣನಂಥ ಬ್ರೆಜಿಲ್ ಬೀಟೆಗೆ ಏನಾಯಿತು ನೋಡಿ. ಹಳೇ ಕಾಲದ ದುಬಾರಿ ಗಿಟಾರೆಲ್ಲ ಅದರದ್ದೇ. 60ರ ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿ ಕಳಿಸುವುದನ್ನು ನಿಲ್ಲಿಸಿತು. ಆಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ನಮ್ಮ ಭಾರತದ ಬೀಟೆಗೆ ಬದಲಾಯಿತು, ಉಳಿದವರೂ ಹಿಂದೆಯೇ ಬಂದರು. ಅಪಾಯದಲ್ಲಿರುವ ಪ್ರಾಣಿ, ಗಿಡಮರಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ 1992ರಲ್ಲಿ ಬ್ರೆಜಿಲ್ ಮರದ ವ್ಯಾಪಾರವನ್ನು ಹೆಚ್ಚುಕಡಿಮೆ ಮುಚ್ಚಿಯೇಬಿಟ್ಟಿತು. 2017ರಿಂದ ಬೀಟೆಯ ಇಡೀ ಕುಟುಂಬವೇ ಆ ಒಪ್ಪಂದದ ನಿಗಾಕ್ಕೆ ಬಂತು. ಆಗ ಗಿಟಾರ್ ಹಿಡಿದು ದೇಶ ದಾಟುವವರಿಗೂ ಕಾಗದದ ಭಯ ಶುರುವಾಯಿತು. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಯಾಕೆ ಕೊಟ್ಟರು? ವಾದ್ಯಕ್ಕೆ ಹೋಗುವ ಮರ ಎಷ್ಟು ಕಡಿಮೆ ಅಂತ ಅವರಿಗೂ ಕಂಡಿತು.

ಇಷ್ಟಾದರೂ ತಮಾಷೆ ಏನು ಗೊತ್ತೇ? ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡಿನಲ್ಲಿ ಬೆಳೆಯುವ ಮರ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಮಾರ್ಟಿನ್ ಕಾರ್ಖಾನೆಗೆ ಸಲೀಸಾಗಿ ಸಿಗುತ್ತದೆ, ಕಲಬುರಗಿಯ ಬಡಿಗನಿಗೆ ಸಿಗುವುದಿಲ್ಲ. ದಾಂಡೇಲಿಯಂಥ ಸರ್ಕಾರಿ ಡಿಪೊಗಳಲ್ಲಿ ಮರ ಹರಾಜಾಗುವುದು ಲಾಟ್ ಲೆಕ್ಕದಲ್ಲಿ. ದಿಮ್ಮಿಗಟ್ಟಲೆ ಕೊಳ್ಳುವ ದೊಡ್ಡ ವ್ಯಾಪಾರಿಗಳ ಎದುರು, ಎರಡು ಹಲಗೆ ಕೇಳುವವನು ಬಾಯಿ ಬಿಡುವುದೇ ಕಷ್ಟ. ನಮಗೆ ಬೇಕಾದ್ದು ಒಂದು ಗೋಣಿಚೀಲದಲ್ಲಿ ಹಿಡಿಯುವಷ್ಟು ಮರ.

ಅದಕ್ಕೇ ನಾವು ಹಂಚಿಕೊಂಡು ಕೊಳ್ಳುವ ದಾರಿ ಹಿಡಿದೆವು. ಮಲೆನಾಡಿನ ಕಡೆ ಒಂದು ಹಳೇ ಮನೆ ಬಿಚ್ಚುತ್ತಿದ್ದರು, ಅಲ್ಲಿ ಒಂದು ಬೀಟೆ ತೊಲೆ ಇದೆ ಅಂತ ಪರಿಚಯದವರು ಹೇಳಿದರು. ಒಬ್ಬನ ಕೈಯಲ್ಲಿ ಆಗುವ ದುಡ್ಡಲ್ಲ. ಆರೂ ಜನ ಹಾಕಿದೆವು. ತರುವುದಕ್ಕೆ ಅನುಮತಿ ಪತ್ರ ಬೇಕು, ಅದು ಸರಿ, ಬೇಕೇ ಬೇಕು. ಆದರೆ ಹಳೇ ಮನೆಯ ತೊಲೆಗೆ ಪಾಸ್ ಕೇಳಿದರೆ ಒಂದು ಕಚೇರಿಯಲ್ಲಿ ‘ಮರ ಎಲ್ಲಿ ಕಡಿದಿರಿ’ ಅಂತ ಕೇಳುತ್ತಾರೆ. ಅಜ್ಜನ ಕಾಲದಲ್ಲಿ ಕಡಿದ ಮರ ಸ್ವಾಮಿ, ಮೊಳೆ ಹೊಡೆದ ತೂತು ಇದೆ ನೋಡಿ ಅಂದರೂ ಫಾರಂನಲ್ಲಿ ಆ ಕಾಲಂ ಖಾಲಿ ಬಿಡುವಂತಿಲ್ಲ. ಕೊನೆಗೆ ಪಾಸ್ ಸಿಕ್ಕಿತು ಅನ್ನಿ. ಆದರೆ ಅದಕ್ಕೆ ಹಿಡಿದ ಹೊತ್ತಿನಲ್ಲಿ ಒಂದು ಗಿಟಾರ್ ಮುಗಿಯುತ್ತಿತ್ತು.

ಸೀಳುವುದು ಇನ್ನೊಂದು ಕಥೆ. ಗಿಟಾರಿಗೆ ಮರವನ್ನು ಹೇಗೆ ಬೇಕೋ ಹಾಗೆ ಸೀಳುವಂತಿಲ್ಲ. ಹಲಗೆಯ ತುದಿ ನೋಡಿದರೆ ಬೆಳವಣಿಗೆಯ ಗೆರೆಗಳು ನೆಟ್ಟಗೆ ನಿಂತಿರಬೇಕು, ಮಲಗಿರಬಾರದು. ಹಾಗಿದ್ದರೆ ಹವೆ ಬದಲಾದಾಗ ಹಲಗೆ ಸೊಟ್ಟಗಾಗುವುದು ಕಡಿಮೆ. ಆಮೇಲೆ ಒಂದರ ಹಿಂದೆ ಒಂದು ಸೀಳಿದ ಎರಡು ಹಲಗೆಗಳನ್ನು ಪುಸ್ತಕ ಬಿಡಿಸಿದ ಹಾಗೆ ತೆರೆದು ಜೋಡಿಸಬೇಕು. ಆಗ ಎಡ ಬಲ ಎರಡೂ ಕಡೆ ಒಂದೇ ಚಿತ್ತಾರ ಬರುತ್ತದೆ. ನಮ್ಮ ಕಡೆಯ ಸಾ ಮಿಲ್ ಇರುವುದು ಬಾಗಿಲು, ತೊಲೆ ಸೀಳುವುದಕ್ಕೆ. ಅಲ್ಲಿನ ಬ್ಲೇಡ್ ದಪ್ಪ. 4 ಮಿಲಿಮೀಟರ್ ಹಲಗೆ ತೆಗೆಯಲು ಹೋದರೆ ಹಲಗೆಯಷ್ಟೇ ಮರ ಹೊಟ್ಟಾಗಿ ನೆಲಕ್ಕೆ ಬೀಳುತ್ತದೆ. ಅಪರೂಪದ ಮರ ಅನ್ನುತ್ತೀರಿ, ಅದರಲ್ಲಿ ಅರ್ಧ ಕಸದ ಬುಟ್ಟಿಗೆ. ಕಡೆಗೆ ತೆಳು ಬ್ಲೇಡಿನ ಬ್ಯಾಂಡ್ ಸಾ ಇರುವ ಕಡೆ ಹುಡುಕಿಕೊಂಡು ಹೈದರಾಬಾದಿಗೆ ಒಯ್ದೆವು. ಅಲ್ಲಿಗೆ ಒಯ್ಯಲು ರಾಜ್ಯದ ಗಡಿ ದಾಟಬೇಕು, ಅದಕ್ಕೆ ಮತ್ತೆ ಕಾಗದ!

ಹಂಚುವಾಗ ಜಗಳ ಆಗಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಸೀಳಿದ ಕೂಡಲೇ ಸೀಮೆಸುಣ್ಣದಲ್ಲಿ ನಂಬರ್ ಬರೆದೆವು, ಇಲ್ಲದಿದ್ದರೆ ಯಾವುದು ಯಾವುದರ ಜೋಡಿ ಅಂತ ಆಮೇಲೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ನಡುವಿನ ಹಲಗೆ ಕಡುಗಂದು, ನೇರಳೆ ಛಾಯೆ, ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಅಂಚಿನವುಗಳಲ್ಲಿ ಬಿಳಿ ಭಾಗ ಬರುತ್ತದೆ. ಎಲ್ಲರಿಗೂ ನಡುವಿನದ್ದೇ ಬೇಕು. ಚೀಟಿ ಎತ್ತಿದೆವು. ಒಣಗುವಾಗ ಯಾರದ್ದಾದರೂ ಬಿರುಕು ಬಿಟ್ಟರೆ ಆ ನಷ್ಟ ಆರು ಜನಕ್ಕೂ ಸೇರಿದ್ದು ಅಂತ ಕರಾರು. ಒಂದು ಬಿಟ್ಟಿತು ಕೂಡ. ಉಳಿದ ತುಂಡುಗಳಿಂದ ಅವನಿಗೆ ಮೂರು ತುಂಡಿನ ಬೆನ್ನು ಕೂಡಿಸಿಕೊಟ್ಟೆವು, ಈಗ ಅದೇ ಎಲ್ಲಕ್ಕಿಂತ ಚೆಂದ ಕಾಣುತ್ತದೆ ಅಂತ ಅವನ ಜಂಬ.

ಹೀಗೆ ಒಂದೇ ಮರವನ್ನು ಹಂಚಿಕೊಳ್ಳುವುದು ನಾವು ಕಂಡುಹಿಡಿದದ್ದೇನಲ್ಲ. ಮಧ್ಯ ಅಮೆರಿಕದ ಬೆಲೀಜ್ ದೇಶದ ಕಾಡಿನಲ್ಲಿ 1965ರಲ್ಲಿ ಒಂದು ಭಾರಿ ಮಹಾಗನಿ ಮರ ಕಡಿದರು. ಅದು ಉಲ್ಟಾ ಬಿದ್ದು ಕೊರಕಲು ಸೇರಿತು, ಎತ್ತಲಾಗದೆ ಅಲ್ಲೇ ಬಿಟ್ಟರು. 80ರ ದಶಕದಲ್ಲಿ ಅದನ್ನು ಹೊರಗೆ ತಂದು ಸೀಳಿದರು. ಒಳಗೆ ಆಮೆ ಚಿಪ್ಪಿನ ಥರದ ಚಿತ್ತಾರ. ಆ ಒಂದೇ ಮರದ ಸೆಟ್‌ಗಳು ಜಗತ್ತಿನ ಬೇರೆ ಬೇರೆ ಗಿಟಾರ್ ಕಟ್ಟುವವರ ಕೈಗೆ ಹೋದವು, ಇವತ್ತಿಗೂ ‘ದಿ ಟ್ರೀ’ ಅಂದರೆ ಸಾಕು, ಆ ವಲಯದಲ್ಲಿ ಎಲ್ಲರಿಗೂ ಗೊತ್ತು. ಅದರ ಬೆಲೆ ಕೇಳಿದರೆ ನಮಗೆ ನಗು ಬರುತ್ತದೆ. ಆದರೆ ಒಂದೇ ಮರ ಇಷ್ಟು ವರ್ಷ ಗಿಟಾರಿಗೆ ಒದಗುತ್ತಾ ಬಂದದ್ದು ಅದನ್ನು ಸಣ್ಣ ಸಣ್ಣ ಸೆಟ್ ಮಾಡಿ ಹಂಚಿದ್ದರಿಂದ. ಟೇಬಲ್ ಮಾಡಿದ್ದರೆ ಯಾವತ್ತೋ ಮುಗಿದಿರುತ್ತಿತ್ತು.

ಇನ್ನು ನಾದದ ವಿಷಯ. ಅಪರೂಪದ ಮರ ಹಾಕಿದರೇನೇ ಒಳ್ಳೇ ಧ್ವನಿ ಅನ್ನುವುದು ಅರ್ಧ ಸತ್ಯ, ಅಂಗಡಿಯವರಿಗೆ ಲಾಭದ ಸತ್ಯ. ಸ್ಪೇನಿನ ಅಂತೋನಿಯೊ ದೆ ತೋರೆಸ್ 1862ರಲ್ಲೇ ಬೆನ್ನು, ಪಕ್ಕ ಎರಡನ್ನೂ ರಟ್ಟಿನಿಂದ ಮಾಡಿ ಗಿಟಾರ್ ಕಟ್ಟಿ ತೋರಿಸಿದ. ಮೇಲಿನ ಹಲಗೆಯೇ ಮುಖ್ಯ ಅನ್ನುವುದು ಅವನ ವಾದ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಇದನ್ನು ಸರಿಯಾಗಿ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು. ಬೆನ್ನು ಮತ್ತು ಪಕ್ಕದ ಮರ ಮಾತ್ರ ಬೇರೆ, ಉಳಿದದ್ದೆಲ್ಲ ಒಂದೇ ಇರುವ ಆರು ಗಿಟಾರ್. ಯಾವುದು ಯಾವ ಮರದ್ದು ಅಂತ ಕಾಣದ ಹಾಗೆ ಮಾಡಿ 52 ಜನ ವಾದಕರ ಕೈಗೆ ಕೊಟ್ಟರು. ಬ್ರೆಜಿಲ್ ಬೀಟೆಗೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನಮ್ಮದೂ ಹಾಗೆಯೇ ಆಯಿತು. ಒಂದೇ ತೊಲೆಯ ಆರು ಗಿಟಾರ್, ಆರು ಥರದ ದನಿ. ಮೇಲಿನ ಸ್ಪ್ರೂಸ್ ಮರದ ಹಲಗೆಯನ್ನು ಯಾರು ಎಷ್ಟು ತೆಳು ಮಾಡಿದರು, ಒಳಗಿನ ಆಧಾರಪಟ್ಟಿಯನ್ನು ಎಲ್ಲಿ ಎಷ್ಟು ಕೆತ್ತಿದರು ಅನ್ನುವುದರಲ್ಲೇ ಎಲ್ಲ ಇದೆ.

ಹಾಗಾದರೆ ಬೀಟೆ ಯಾಕೆ ಬೇಕು ಅಂತ ಪತ್ರ ಬರೆದವರು ಕೇಳಬಹುದು. ನಮ್ಮ ಊರಿನ ಹವೆಗೆ ಬೇಕು. ಕಲಬುರಗಿಯ ಮೇ ತಿಂಗಳು ಗೊತ್ತಲ್ಲ, 43 ಡಿಗ್ರಿ ಬಿಸಿಲು, ಗಾಳಿಯಲ್ಲಿ ಹನಿ ತೇವ ಇಲ್ಲ. ಗಿಟಾರಿಗೆ ಹಿತವಾದ ತೇವ 45ರಿಂದ 55 ಶೇಕಡ ಅನ್ನುತ್ತಾರೆ. ಬೇರೆ ಊರಿನಿಂದ ತಂದ ಗಿಟಾರ್ ಇಲ್ಲಿ ಬೇಸಿಗೆಗೆ ಪಟ್ ಅಂತ ಸೀಳುತ್ತದೆ. ಇನ್ನು ಮನೆಯಲ್ಲಿ ಕೂಲರ್ ಹಾಕಿದರೆ ಉಲ್ಟಾ ತೊಂದರೆ. ಆ ಕೋಣೆಯಲ್ಲಿ ತೇವ ಏರಿ ಮೇಲಿನ ಹಲಗೆ ಉಬ್ಬುತ್ತದೆ, ತಂತಿ ಎತ್ತರವಾಗಿ ಒತ್ತಲು ಬೆರಳು ನೋಯುತ್ತದೆ. (ಗಿಟಾರ್ ಇದ್ದವರು ದಯವಿಟ್ಟು ಅದನ್ನು ಕೂಲರ್ ಎದುರು ನೇತುಹಾಕಬೇಡಿ, ರಿಪೇರಿಗೆ ಬರುವುದರಲ್ಲಿ ಅವೇ ಜಾಸ್ತಿ.) ಇಂಥ ಏರಿಳಿತದಲ್ಲಿ ಬೀಟೆ ಬೇರೆ ಮರದಷ್ಟು ಆಡುವುದಿಲ್ಲ. ಬಿಸಿ ಕೊಳವೆಗೆ ಒತ್ತಿ ಪಕ್ಕದ ಪಟ್ಟಿ ಬಗ್ಗಿಸುವಾಗಲೂ ಮಾತು ಕೇಳುತ್ತದೆ. ಹಳೇ ಸಾಗವಾನಿಯೂ ಈ ವಿಷಯದಲ್ಲಿ ಚೆನ್ನಾಗಿದೆ, ಎಣ್ಣೆ ಅಂಶ ಇರುವುದರಿಂದ ಅಂಟು ಹಿಡಿಯಲು ಸ್ವಲ್ಪ ಸತಾಯಿಸುತ್ತದೆ ಅಷ್ಟೇ. ಬೀದರ್, ಹುಮನಾಬಾದ್ ಕಡೆ ಹಳೇ ವಾಡೆಗಳು ಬೀಳುತ್ತಿವೆ, ಆ ಸಾಗವಾನಿ ತೊಲೆಗಳೆಲ್ಲ ಸೆಂಟ್ರಿಂಗ್ ಕೆಲಸಕ್ಕೋ ಒಲೆಗೋ ಹೋಗುತ್ತಿವೆ. ನಮ್ಮಲ್ಲೊಬ್ಬ ಹುಣಸೆ ಮರದ ಕೆಚ್ಚಿನಿಂದ ಬೆರಳುಪಟ್ಟಿ (ಗಿಟಾರಿನ ಕತ್ತಿನ ಮೇಲೆ ತಂತಿ ಒತ್ತುವ ಪಟ್ಟಿ) ಮಾಡುತ್ತಿದ್ದಾನೆ. ಗಾಣಕ್ಕೆ ತಡೆದ ಮರ ತಂತಿಗೆ ತಡೆಯದೇ ಇರುತ್ತದೆಯೇ ಅನ್ನುವುದು ಅವನ ತರ್ಕ.

ಬೀದರಿನವರಿಗೆ ಒಂದು ಮಾತು, ಇದು ವಿಷಯಕ್ಕೆ ಸ್ವಲ್ಪ ಹೊರಗಿನದು. ಬಿದ್ರಿ ಕೆಲಸದವರು ಲೋಹದಲ್ಲಿ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರಲ್ಲ, ಅದೇ ಕೈ ಕಪ್ಪು ಮರದ ಬೆರಳುಪಟ್ಟಿಯ ಮೇಲೆ ಕೂತರೆ ಹೇಗಿರುತ್ತದೆ! ಮೈಸೂರಿನವರು ಬೀಟೆಯಲ್ಲಿ ಇನ್ಲೇ ಮಾಡಿ ಜಿಐ ಟ್ಯಾಗ್ (ಇದು ಆ ಊರಿನದೇ ಅನ್ನುವ ಸರ್ಕಾರಿ ಗುರುತು) ಪಡೆದರು. ಪಕ್ಕದ ಮಹಾರಾಷ್ಟ್ರದ ಮೀರಜಿನ ಸಿತಾರ್, ತಂಬೂರಿಗೂ 2024ರಲ್ಲಿ ಸಿಕ್ಕಿತು. ಮೀರಜಿನಲ್ಲಿ ವಾದ್ಯ ಕಟ್ಟುವವರ ಮನೆಗಳೇ ಸಾಲಾಗಿವೆ, ಒಬ್ಬರಿಂದ ಒಬ್ಬರು ಕಲಿಯುತ್ತಾರೆ. ನಮ್ಮಲ್ಲಿ ಬಡಿಗೇರ ಮನೆತನದ ಹುಡುಗರು ಪ್ಲೈವುಡ್ ಕತ್ತರಿಸುವುದು ಬಿಟ್ಟು ಬೇರೇನೂ ಕಲಿಯುತ್ತಿಲ್ಲ.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಹಸಿರು ಮರ ಒಂದನ್ನೂ ನಮಗಾಗಿ ಕಡಿಯುವುದು ಬೇಡ. ಗಾಳಿಗೆ ಬಿದ್ದದ್ದು, ಒಣಗಿದ್ದು, ಕಳ್ಳರಿಂದ ವಶಪಡಿಸಿಕೊಂಡು ಡಿಪೊದಲ್ಲಿ ಇಟ್ಟದ್ದು, ಇವುಗಳಲ್ಲಿ ಒಂದು ಸಣ್ಣ ಪಾಲನ್ನು ವಾದ್ಯ ಕಟ್ಟುವವರಿಗೆ ಸೆಟ್ ಲೆಕ್ಕದಲ್ಲಿ ಮಾರಲಿ. ಡಿಪೊದಲ್ಲೇ ಸರಿಯಾಗಿ ಸೀಳಿಸಿ, ಪ್ರತಿ ಸೆಟ್ ಮೇಲೆ ಯಾವ ದಿಮ್ಮಿಯದ್ದು ಅನ್ನುವ ನಂಬರ್ ಒತ್ತಿ, ಅದರ ಜೊತೆ ಒಂದು ಪಾಸ್ ಕೊಡಲಿ. ಆ ನಂಬರನ್ನು ನಾವು ಗಿಟಾರಿನ ಒಳಗಿನ ಚೀಟಿಯಲ್ಲಿ ಬರೆಯುತ್ತೇವೆ. ಯಾರು ಯಾವಾಗ ಬೇಕಾದರೂ ತೂತಿನಲ್ಲಿ ಇಣುಕಿ ನೋಡಲಿ. ಕಾಗದ ಸರಿ ಇಲ್ಲದಿದ್ದರೆ ದೊಡ್ಡವರೂ ಪೇಚಿಗೆ ಸಿಗುತ್ತಾರೆ. 2011ರಲ್ಲಿ ಅಮೆರಿಕದ ಗಿಬ್ಸನ್ ಗಿಟಾರ್ ಕಾರ್ಖಾನೆ ಮೇಲೆ ಅಲ್ಲಿನ ಸರ್ಕಾರ ದಾಳಿ ಮಾಡಿದ್ದು ಭಾರತದಿಂದ ಹೋದ ಬೆರಳುಪಟ್ಟಿ ಮರದ ಕಾಗದದ ತಕರಾರಿನಿಂದಲೇ. ಪಟ್ಟಿ ಎಷ್ಟು ದಪ್ಪ, ಅದು ತಯಾರಾದ ವಸ್ತುವೋ ಬರೀ ಸೀಳಿದ ಮರವೋ ಅನ್ನುವುದೇ ಪ್ರಶ್ನೆ. ಅವರಿಗೆ ವಕೀಲರಿದ್ದರು. ನಮ್ಮ ಬಳಿ ಇರುವುದು ಆ ಪಾಸ್ ಒಂದೇ.

ಹಳೇ ಮನೆಯ ಮರಕ್ಕೆ ಬೇರೆ ಸರಳ ಫಾರಂ ಬೇಕು. ಪಂಚಾಯಿತಿಯವರು ಬಂದು ನೋಡಿ ‘ಹೌದು, ಇದು ಇಂಥ ಮನೆಯದ್ದು’ ಅಂತ ಫೋಟೊ ಸಮೇತ ಬರೆದುಕೊಟ್ಟರೆ ಸಾಕಾಗುವ ಹಾಗೆ ಮಾಡಲಿ.

ಕೊನೇದು, ನಮ್ಮ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ. ರಸ್ತೆ, ಕಟ್ಟಡ ಎಲ್ಲ ಆಗಲಿ, ಬೇಡ ಅನ್ನುವುದಿಲ್ಲ. ಅದರ ನಡುವೆ ಕಲಬುರಗಿಯ ಯಾವುದಾದರೂ ಐಟಿಐ ಆವರಣದಲ್ಲಿ ತೆಳು ಬ್ಲೇಡಿನ ಒಂದು ಬ್ಯಾಂಡ್ ಸಾ, ಮತ್ತು ಮರ ಒಣಗಿಸಲು ತೇವ ಹತೋಟಿಯಲ್ಲಿರುವ ಒಂದು ಸಣ್ಣ ಕೋಣೆ ಮಾಡಿಕೊಡಲಿ. ಬೀದರ್, ಯಾದಗಿರಿಯವರೂ ಬಂದು ಸೀಳಿಸಿಕೊಂಡು ಹೋಗುತ್ತಾರೆ. ಗಿಟಾರ್ ಒಂದೇ ಅಲ್ಲ, ತಂಬೂರಿ, ಏಕತಾರಿ, ದಿಮ್ಮು ಮಾಡುವವರಿಗೂ ಆಗುತ್ತದೆ. ಬಾಡಿಗೆ ಇಡಿ, ಕರೆಂಟ್ ಬಿಲ್ ನಮ್ಮಿಂದಲೇ ವಸೂಲಿ ಮಾಡಿ. ಹುಡುಗರಿಗೆ ಕಲಿಸಲು ನಾವು ಆರು ಜನ ಸರದಿ ಮೇಲೆ ಬರುತ್ತೇವೆ, ಅದಕ್ಕೆ ಸಂಬಳ ಬೇಡ.

ಇಂತಿ,
ಗಿಟಾರ್ ಕಟ್ಟುವ ಒಬ್ಬ ಬಡಿಗ,
ಶಹಾಬಜಾರ, ಕಲಬುರಗಿ