ಭಾನುವಾರ ನಂದಿಗೆ ಹೊರಡುವ ಮುಂಚೆ ಟ್ಯೂಬ್ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 5ಕ್ಕೆ ಹೆಬ್ಬಾಳದಿಂದ ನಂದಿ ಬೆಟ್ಟಕ್ಕೆ ಸೈಕಲ್‌ನಲ್ಲಿ ಹೊರಡುತ್ತೇವೆ. ಬರುವವರೆಲ್ಲ ಒಂದು ಸ್ಪೇರ್ ಟ್ಯೂಬ್, ಟೈರನ್ನು ರಿಮ್ಮಿನಿಂದ ಎಬ್ಬಿಸುವ ಎರಡು ಟೈರ್ ಲಿವರ್ ಇಟ್ಟುಕೊಂಡೇ ಬನ್ನಿ. ಕಳೆದ ಸಲ ನನ್ನದೇ ಪಂಕ್ಚರ್ ಆಗಿ ಎಲ್ಲರೂ ಮುಕ್ಕಾಲು ಗಂಟೆ ರಸ್ತೆ ಬದಿ ನಿಂತಿದ್ದು ನೆನಪಿದೆ ಅಲ್ವಾ?

ಟ್ಯೂಬ್ ತಗೊಳ್ಳುವಾಗ ವಾಲ್ವ್ ನೋಡಿ. ತುದಿಯಲ್ಲಿ ಪುಟ್ಟ ನಟ್ ಇರುವ ಸಣ್ಣದು ಪ್ರೆಸ್ಟಾ, ಬೈಕ್, ಕಾರಿನಲ್ಲಿರುವಂಥ ದಪ್ಪದು ಶ್ರೇಡರ್. ಪ್ರೆಸ್ಟಾಗೆ ಪೆಟ್ರೋಲ್ ಬಂಕ್‌ನಲ್ಲಿ ಗಾಳಿ ಹಿಡಿಸಬೇಕಂದ್ರೆ ಅಡಾಪ್ಟರ್ ಬೇಕು, ಆ ಚಿಕ್ಕ ಹಿತ್ತಾಳೆ ಬಿರಡೆ ಒಂದು ಜೇಬಲ್ಲಿರಲಿ.

ಗಾಳಿ ಶನಿವಾರ ರಾತ್ರಿಯೇ ಹಾಕಿ. ಎಷ್ಟು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಕಡಿಮೆ ಇದ್ದರೆ ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ.

ಇನ್ನೊಂದು, ಪಂಕ್ಚರ್ ಆದಾಗ ಹೊಸ ಟ್ಯೂಬ್ ತೂರಿಸುವ ಮುಂಚೆ ಟೈರಿನ ಒಳಗೆ ಬೆರಳಾಡಿಸಿ, ಮೆಲ್ಲಗೆ. ನನ್ನ ಟೈರಲ್ಲಿ ಕೂದಲಿನಷ್ಟು ಸಣ್ಣ ತಂತಿ ಉಳಿದು ಹತ್ತೇ ನಿಮಿಷಕ್ಕೆ ಎರಡನೇ ಟ್ಯೂಬೂ ಹೋಗಿತ್ತು!

ಯಾರ ಹತ್ತಿರ ಪಂಪ್ ಇದೆ, ಯಾರಿಗೆ ಟ್ಯೂಬ್ ಬೇಕು, ಸೈಜ್ ಎಷ್ಟು, ಶುಕ್ರವಾರ ಸಂಜೆಯೊಳಗೆ ಇಲ್ಲೇ ಹಾಕಿ. ಒಟ್ಟಿಗೆ ತರಿಸುತ್ತೇನೆ.